ತಂಗಿಗೆ ಹದಿನೆಂಟು ತುಂಬುವ ಮೊದಲು

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವನು. ಐದು ವರ್ಷಗಳಿಂದ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದೇನೆ. ಊರಿನಲ್ಲಿ ಅವ್ವ ಮತ್ತು ಹದಿನೇಳು ವರ್ಷದ ತಂಗಿ ಇದ್ದಾರೆ. ತಂಗಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಆಸರೆಯಿಲ್ಲದೆ ಕೂರಲಾರಳು, ಅವಳ ಮಾತು ಮನೆಯವರಿಗಷ್ಟೇ ತಿಳಿಯುತ್ತದೆ. ಐದನೇ ತರಗತಿಗೆ ಶಾಲೆ ನಿಂತಿತು. ಎಂಟು ತಿಂಗಳಿಂದ ಮಾಸಾಶನ ಬಂದಿಲ್ಲ. ಹಳೆಯ ಪ್ರಮಾಣಪತ್ರ ನಡೆಯುವುದಿಲ್ಲ, ರಾಯಚೂರಿಗೆ ಕರೆದೊಯ್ದು ಹೊಸ ಕಾರ್ಡ್ ಮಾಡಿಸಿ ಎಂದು ಕಚೇರಿಯಲ್ಲಿ ಹೇಳಿದರು. ಹದಿನೆಂಟು ತುಂಬಿದ ಮೇಲೆ ಪಾಲಕತ್ವದ ಆದೇಶವಿಲ್ಲದೆ ಖಾತೆ ನಡೆಸಲು ಬಿಡುವುದಿಲ್ಲ ಎಂದು ಬ್ಯಾಂಕಿನಲ್ಲಿ ಹೇಳಿದರು. ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿಯಿಂದ ಅವಳು ಜಾರಿ ಬೀಳುತ್ತಾಳೆ. ಅವ್ವ ಒಬ್ಬಳೇ ಅವಳನ್ನು ಎತ್ತಿಕೊಂಡು ಇನ್ನೆಷ್ಟು ಸಲ ಅಲೆಯಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಮಾನ್ವಿ ಹಾದು ರಾಯಚೂರಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೆಳೆದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸು ಹತ್ತುವ ತಾಯಿಗೆ ಅದು ಒಂದು ದಿನದ ಕೂಲಿಯ ಜೊತೆಗೆ ಒಂದು ವಾರದ ಬೆನ್ನುನೋವಿನ ಬೆಲೆಯದು. ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಮಾಡಿದರೆ ತಂಗಿಯನ್ನು ಒಮ್ಮೆ ಮಾತ್ರ, ವೈದ್ಯಕೀಯ ಪರೀಕ್ಷೆಗಾಗಿ, ಮನೆಯಿಂದ ಹೊರಗೆ ಒಯ್ಯಬೇಕಾಗುತ್ತದೆ. ಆಧಾರ್ ನವೀಕರಣ ಬಾಕಿಯಿದ್ದರೆ ಅದಕ್ಕೊಂದು ಸಲ ಹೆಚ್ಚು. ಮೂವತ್ತು ವರ್ಷ ಈ ಜಿಲ್ಲೆಯಲ್ಲಿ ಪುನರ್ವಸತಿಯ ಕೆಲಸ ಮಾಡುತ್ತಾ ನಾನು ಕಂಡ ಅಲೆದಾಟಗಳಲ್ಲಿ ಹೆಚ್ಚಿನವು ಕಾನೂನು ಕೇಳಿದ್ದರಿಂದ ಆದವಲ್ಲ; ಕೌಂಟರಿನಲ್ಲಿ ಯಾರೋ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಹಿಂದಿರುಗಿದ್ದರಿಂದ ಆದವು. ನಿಮ್ಮ ಪತ್ರದಲ್ಲಿರುವ ಎರಡು ನಿರಾಕರಣೆಗಳೂ ಬಾಯಿಮಾತಿನವೇ. ಆದ್ದರಿಂದ ಇನ್ನು ಮುಂದೆ ಯಾವ ಕಚೇರಿಗೆ ಹೋದರೂ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹೊರಗೆ ಬರುವಂತೆ ಅವ್ವನಿಗೆ ಹೇಳಿ. ಆಗುವುದಿಲ್ಲ ಎನ್ನುವವರು ಅದನ್ನು ಕಾರಣಸಹಿತ ಬರೆದುಕೊಡಲಿ.

ಈಗ ಪ್ರಮಾಣಪತ್ರದ ವಿಷಯ. ತಂಗಿಯ ಹಳೆಯ ಪ್ರಮಾಣಪತ್ರವನ್ನು ತೆಗೆದು, ಅದರಲ್ಲಿ ‘ಕಾಯಂ’ ಎಂದು ಬರೆದಿದೆಯೋ, ಮರುಪರೀಕ್ಷೆಗೆ ಅವಧಿಯನ್ನು ಹಾಕಿದ್ದಾರೆಯೋ ಎಂಬುದನ್ನು ಮೊದಲು ನೋಡಿ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದಕ್ಕೂ ಹಿಂದಿನ 1995ರ ಕಾಯ್ದೆಯಡಿ ಕೊಟ್ಟ ಪ್ರಮಾಣಪತ್ರಗಳು ಕೂಡ ತಮ್ಮಲ್ಲಿ ನಮೂದಾದ ಅವಧಿಯವರೆಗೆ ಊರ್ಜಿತವಾಗಿಯೇ ಇರುತ್ತವೆ ಎಂದು ಹೊಸ ನಿಯಮಗಳು ಹೇಳುತ್ತವೆ. ಹಾಗಾಗಿ ಪ್ರಮಾಣಪತ್ರ ‘ಹಳೆಯದು’ ಎಂಬುದೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಅವಧಿ ಮುಗಿದಿದ್ದರೆ ಮಾತು ಬೇರೆ. ಚಿಕ್ಕ ಮಕ್ಕಳಿಗೆ ಬಹಳ ಸಲ ಅವಧಿ ಹಾಕಿಯೇ ಕೊಟ್ಟಿರುತ್ತಾರೆ, ತಾಯಂದಿರಿಗೆ ಅದು ಗೊತ್ತಾಗುವುದು ಮಾಸಾಶನ ನಿಂತಾಗಲೇ. ನಿಮ್ಮ ಮನೆಯಲ್ಲಿಯೂ ಇದೇ ಆಗಿರಬಹುದೆಂಬ ಗುಮಾನಿ ನನಗಿದೆ.

ಪ್ರಮಾಣಪತ್ರ ಯಾವುದೇ ಇರಲಿ, ವಿಶಿಷ್ಟ ಗುರುತಿನ ಚೀಟಿ, ಅಂದರೆ ಎಲ್ಲರೂ ಯುಡಿಐಡಿ ಕಾರ್ಡ್ ಎನ್ನುವುದು, ಈಗ ಅಗತ್ಯ. ಅದರ ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ಇದಕ್ಕೆ ತಂಗಿಯನ್ನಾಗಲಿ ಅವ್ವನನ್ನಾಗಲಿ ಎಲ್ಲಿಗೂ ಕರೆದೊಯ್ಯಬೇಕಾಗಿಲ್ಲ. ಅವಳ ಫೋಟೊ, ಆಧಾರ್, ವಿಳಾಸದ ದಾಖಲೆ ಮತ್ತು ಹಳೆಯ ಪ್ರಮಾಣಪತ್ರವನ್ನು ಮೊಬೈಲಿಗೆ ತರಿಸಿಕೊಂಡು ನೀವು ಬೆಂಗಳೂರಿನಲ್ಲಿ ಕುಳಿತೇ ಅರ್ಜಿ ತುಂಬಬಹುದು. ಹಳೆಯದು ಕಾಯಂ ಪ್ರಮಾಣಪತ್ರವಾಗಿದ್ದರೆ ಅದನ್ನೇ ಅಪ್‌ಲೋಡ್ ಮಾಡಿ ಪರಿಶೀಲನೆಗೆ ಕಳುಹಿಸುವ ಅವಕಾಶವೂ ಅಲ್ಲಿದೆ. ಹೊಸ ಪರೀಕ್ಷೆ ಬೇಕಾದರೆ ಅರ್ಜಿಯಲ್ಲಿ ಆಸ್ಪತ್ರೆಯನ್ನು ಆಯ್ಕೆ ಮಾಡುವಾಗ ಪಟ್ಟಿಯಲ್ಲಿ ಸಿಂಧನೂರಿನ ತಾಲ್ಲೂಕು ಆಸ್ಪತ್ರೆ ಇದೆಯೇ ನೋಡಿ. ಇಲ್ಲದಿದ್ದರೆ ತಾಲ್ಲೂಕು ಮಟ್ಟದ ತಪಾಸಣಾ ಶಿಬಿರ ಯಾವ ದಿನ ಎಂಬುದನ್ನು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಂದ ತಿಳಿದುಕೊಳ್ಳಿ. ಜನ ವಿ.ಆರ್.ಡಬ್ಲ್ಯು. ಎಂದು ಕರೆಯುವ ಇವರು ಸ್ವತಃ ವಿಕಲಚೇತನರು. ಕಡಿಮೆ ಗೌರವಧನಕ್ಕೆ ಮನೆಮನೆ ತಿರುಗುವವರು. ತಾಲ್ಲೂಕು ಮಟ್ಟದಲ್ಲಿ ಇವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇಬ್ಬರ ಫೋನ್ ಸಂಖ್ಯೆಯೂ ಅವ್ವನ ಬಳಿ ಇರಬೇಕು. 2024ರ ತಿದ್ದುಪಡಿಯಂತೆ ಅರ್ಜಿ ಬಂದ ಮೂರು ತಿಂಗಳೊಳಗೆ ವೈದ್ಯಕೀಯ ಪ್ರಾಧಿಕಾರವು ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ನಿರ್ಧಾರ ಒಪ್ಪಿಗೆಯಾಗದಿದ್ದರೆ ತೊಂಬತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಪರೀಕ್ಷೆಯ ದಿನ ದಯವಿಟ್ಟು ನೀವು ರಜೆ ಹಾಕಿ ಬನ್ನಿ. ಎತ್ತಿಕೊಳ್ಳಲು ನೆರವಾಗುವುದು ಒಂದು ಕಾರಣವಾದರೆ, ತಂಗಿಯ ಸ್ಥಿತಿಯನ್ನು ವೈದ್ಯರಿಗೆ ಪೂರ್ತಿಯಾಗಿ ವಿವರಿಸಲು ಒಬ್ಬರು ಬೇಕೆಂಬುದು ಇನ್ನೊಂದು ಕಾರಣ. ಜನಸಂದಣಿಯ ದಿನ ಕೈಕಾಲುಗಳ ಬಿಗಿತವನ್ನಷ್ಟೇ ನೋಡಿ ಅಂಕಿ ಬರೆದುಬಿಡುವುದುಂಟು. ಸೆರೆಬ್ರಲ್ ಪಾಲ್ಸಿಯಲ್ಲಿ ಮಾತಿನ ತೊಂದರೆ, ದೃಷ್ಟಿ ಮತ್ತು ಶ್ರವಣದ ತೊಂದರೆ, ಮೂರ್ಛೆ ಜೊತೆಗಿರಬಹುದು. ಇವುಗಳಲ್ಲಿ ಏನಿದ್ದರೂ ಸಂಬಂಧಪಟ್ಟ ತಜ್ಞರು ನೋಡಬೇಕೆಂದು ಕೇಳಿ. ಆದರೆ ಎರಡು ನ್ಯೂನತೆಗಳ ಪ್ರಮಾಣವನ್ನು ಸುಮ್ಮನೆ ಕೂಡುವುದಿಲ್ಲ, ಅದಕ್ಕೊಂದು ಸೂತ್ರವಿದೆ ಎಂಬುದು ತಿಳಿದಿರಲಿ: ದೊಡ್ಡ ಅಂಕಿಯನ್ನು ತೊಂಬತ್ತರಿಂದ ಕಳೆದು, ಉಳಿದುದನ್ನು ಚಿಕ್ಕ ಅಂಕಿಯಿಂದ ಗುಣಿಸಿ, ತೊಂಬತ್ತರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ಚಲನೆಗೆ ಶೇ 60, ಮಾತಿಗೆ ಶೇ 30 ಬಂದರೆ ಒಟ್ಟು 90 ಆಗುವುದಿಲ್ಲ, 70 ಆಗುತ್ತದೆ. ಕಾನೂನಿನ ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಸಾಕು. ಆದರೆ ನಮ್ಮ ರಾಜ್ಯದಲ್ಲಿ ಶೇ 75ರ ಗೆರೆ ದಾಟಿದವರಿಗೆ ಮಾಸಾಶನದ ಮೊತ್ತ ಹೆಚ್ಚು. ಆದ್ದರಿಂದ ಮಾತಿನ ತಪಾಸಣೆ ಬಿಟ್ಟುಹೋಗುವುದೆಂದರೆ ತಂಗಿಗೆ ಪ್ರತಿ ತಿಂಗಳೂ ಆಗುವ ನಷ್ಟ.

ಮಾಸಾಶನ ನಿಂತದ್ದಕ್ಕೆ ಪ್ರಮಾಣಪತ್ರವೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಹಣ ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೆ ಬರುವುದರಿಂದ, ಆ ಜೋಡಣೆ ಕಡಿದುಹೋದರೂ, ಬೇರೊಂದು ಖಾತೆಗೆ ಬದಲಾದರೂ ಅದು ನಿಲ್ಲುತ್ತದೆ. ಮಾಸಾಶನದ ಆದೇಶ ಸಂಖ್ಯೆಯನ್ನು ನಮೂದಿಸಿ, ಯಾವ ತಿಂಗಳಿಂದ ಯಾವ ಕಾರಣಕ್ಕೆ ನಿಲ್ಲಿಸಲಾಗಿದೆ ಎಂದು ತಹಶೀಲ್ದಾರರಿಗೆ ಅರ್ಜಿ ಬರೆಯಿರಿ. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಅದಕ್ಕೆ ಮೂವತ್ತು ದಿನಗಳ ಗಡುವಿದೆ. ನಿಂತ ಎಂಟು ತಿಂಗಳ ಬಾಕಿಯನ್ನೂ ಕೊಡಬೇಕೆಂಬ ಮಾತನ್ನು ಮೊದಲ ಅರ್ಜಿಯಲ್ಲಿಯೇ ಸೇರಿಸಿ. ಆಮೇಲೆ ಕೇಳಿದರೆ ಅದು ಬೇರೆ ಕಡತವಾಗುತ್ತದೆ.

ಆಧಾರ್ ಕುರಿತು ಒಂದು ಮಾತು. ಹದಿನೈದು ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಹೊಸದಾಗಿ ಕೊಡಬೇಕು. ತಂಗಿಯ ಬೆರಳುಗಳು ಬಿಗಿದುಕೊಂಡು ಯಂತ್ರದ ಮೇಲೆ ಚಪ್ಪಟೆಯಾಗಿ ಕೂರದಿರಬಹುದು, ಕತ್ತು ನಿಲ್ಲದೆ ಕಣ್ಣಿನ ಗುರುತೂ ಸಿಗದಿರಬಹುದು. ಅಂಥವರಿಗೆ ಸಿಕ್ಕಿದ ಗುರುತನ್ನಷ್ಟೇ ಪಡೆದು, ಏನೂ ಸಿಗದಿದ್ದರೆ ವಿನಾಯಿತಿ ಎಂದು ನಮೂದಿಸಿ ನೋಂದಾಯಿಸುವ ವ್ಯವಸ್ಥೆಯಿದೆ. ಹಾಸಿಗೆ ಹಿಡಿದವರ ಮನೆಗೇ ಬಂದು ಈ ಕೆಲಸ ಮಾಡಿಕೊಡುವ ಸೌಲಭ್ಯವೂ ಇದೆ, ವಿಚಾರಿಸಿ. ಮುಖ ತಿರುಗಿಸಿ ತೋರಿಸಲಾಗದವರನ್ನು, ಕಣ್ಣು ಮಿಟುಕಿಸಲಾಗದವರನ್ನು ಯಂತ್ರದ ನೆಪ ಹೇಳಿ ಹೊರಗಿಡಬಾರದು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಹೇಳಿದೆ.

ಇನ್ನು ನನಗೆ ಅತ್ಯಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನವರು ಪಾಲಕತ್ವದ ಆದೇಶ ತನ್ನಿ ಎಂದರು, ನೀವೂ ಅದನ್ನು ಒಪ್ಪಿಕೊಂಡೇ ನನಗೆ ಬರೆದಿದ್ದೀರಿ. ನಾನು ನಿಮ್ಮನ್ನು ಕೇಳುವುದಿಷ್ಟು: ತಂಗಿಗೆ ತಿಳಿವಳಿಕೆಯಿಲ್ಲ ಎಂದು ಯಾರು ತೀರ್ಮಾನಿಸಿದರು? ಅವಳ ಮಾತು ಮನೆಯವರಿಗಷ್ಟೇ ತಿಳಿಯುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗೆಂದರೆ ಅವಳು ಮಾತನಾಡುತ್ತಾಳೆ, ಹೇಳುವುದು ಅವಳಲ್ಲಿದೆ, ಕೇಳಿಸಿಕೊಳ್ಳುವ ತಾಳ್ಮೆ ಹೊರಗಿನವರಲ್ಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂದರೆ ದೇಹದ ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗಕ್ಕೆ ಆದ ಪೆಟ್ಟು. ಕೆಲವರಲ್ಲಿ ಅದರ ಜೊತೆಗೆ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಿರುತ್ತದೆ, ಅನೇಕರಲ್ಲಿ ಆಗಿರುವುದೇ ಇಲ್ಲ. ಜೊಲ್ಲು ಸುರಿಯುವುದನ್ನೂ ಕೈ ತಿರುಚಿಕೊಳ್ಳುವುದನ್ನೂ ಕಂಡು ಬುದ್ಧಿಯನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಹೆತ್ತವರೂ ಕ್ರಮೇಣ ಅದನ್ನೇ ನಂಬತೊಡಗುತ್ತಾರೆ.

ತಿಳಿವಳಿಕೆಯಿದ್ದು, ಸಹಿ ಮಾಡಲು ಕೈ ಬಾರದವರಿಗೆ ಪಾಲಕರು ಬೇಕಿಲ್ಲ. ಸಹಿ ಮಾಡಲಾಗದ ಗ್ರಾಹಕರು ಹೆಬ್ಬೆಟ್ಟಿನ ಇಲ್ಲವೇ ಕಾಲ್ಬೆರಳಿನ ಗುರುತು ಹಾಕಬಹುದು. ಅದೂ ಆಗದಿದ್ದರೆ ತಮ್ಮಿಂದಾದ ಯಾವುದಾದರೂ ಗುರುತು ಮಾಡಬಹುದು, ಅದನ್ನು ಇಬ್ಬರು ಸಾಕ್ಷಿಗಳು ದೃಢೀಕರಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಗಳಿವೆ. ಹಣವನ್ನು ಯಾರ ಕೈಗೆ ಕೊಡಬೇಕೆಂಬುದನ್ನೂ ಗ್ರಾಹಕರೇ ಸೂಚಿಸಬಹುದು. ವಿಕಲಚೇತನರ ಮನೆಬಾಗಿಲಿಗೆ ಬ್ಯಾಂಕಿನ ಮೂಲ ಸೇವೆಗಳನ್ನು ಒದಗಿಸಬೇಕೆಂದು 2017ರಲ್ಲಿಯೇ ಹೇಳಲಾಗಿದೆ. ಹದಿನೆಂಟು ತುಂಬಿದಾಗ ಅಪ್ರಾಪ್ತರ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸಲು ಹೊಸ ಗುರುತು ಪಡೆಯಬೇಕಾದದ್ದು ನಿಜ. ಅದಕ್ಕಾಗಿ ಅಧಿಕಾರಿ ನಿಮ್ಮ ಮನೆಗೆ ಬರಲಿ ಎಂದು ಈಗಲೇ ಶಾಖೆಯ ವ್ಯವಸ್ಥಾಪಕರಿಗೆ ಬರೆದು ಕೊಡಿ. ಕೆಲವು ವರ್ಷಗಳ ಹಿಂದೆ ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಹೀಗೆ ಮನೆಗೆ ಬಂದ ಯುವ ಅಧಿಕಾರಿಯೊಬ್ಬರು, ಹೌದು ಎನ್ನಲು ಕಣ್ಣನ್ನು ಮೇಲಕ್ಕೆತ್ತುತ್ತಿದ್ದ ಹುಡುಗನ ಮುಂದೆ ಮಂಡಿಯೂರಿ ಕುಳಿತು ಒಂದೊಂದೇ ಪ್ರಶ್ನೆ ಕೇಳಿ ಉತ್ತರ ಪಡೆದದ್ದನ್ನು ನಾನು ನೋಡಿದ್ದೇನೆ. ಅಲ್ಲಿ ಪಾಲಕರ ಪ್ರಶ್ನೆಯೇ ಏಳಲಿಲ್ಲ. ತಂಗಿಗೂ ಇಂದಿನಿಂದಲೇ ಒಂದು ರಟ್ಟಿನ ಮೇಲೆ ಹೌದು, ಅಲ್ಲ, ಹಣ, ನೋವು, ಊಟ, ಶೌಚ ಮುಂತಾದವಕ್ಕೆ ಚಿತ್ರಗಳನ್ನು ಅಂಟಿಸಿಕೊಟ್ಟು, ಕಣ್ಣಿನಿಂದಲೋ ಕೈಯಿಂದಲೋ ತೋರಿಸುವುದನ್ನು ರೂಢಿ ಮಾಡಿಸಿ.

ಒಂದು ವೇಳೆ ಹಣದ ವ್ಯವಹಾರ ಅವಳಿಗೆ ನಿಜವಾಗಿಯೂ ಅರ್ಥವಾಗುವುದಿಲ್ಲವೆಂದು ಕಂಡುಬಂದರೆ, ಆಗಲೂ ದೊಡ್ಡ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವಿದೆ. ಅದರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯು ಹದಿನೆಂಟು ತುಂಬಿದವರಿಗೆ ಪಾಲಕರನ್ನು ನೇಮಿಸಬಹುದು. ಆ ಸಮಿತಿಯೂ ಮೊದಲು ನೋಡಬೇಕಾದದ್ದು ಈ ವ್ಯಕ್ತಿಗೆ ಪಾಲಕರು ಬೇಕೇ, ಬೇಕಾದರೆ ಯಾವ ಉದ್ದೇಶಕ್ಕೆ ಎಂಬುದನ್ನೇ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ಅವ್ವನಿಗೆ ಓದು ಬಾರದಿದ್ದರೆ ಆ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ. 2016ರ ಕಾಯ್ದೆ ಹೇಳುವ ಸೀಮಿತ ಪಾಲಕತ್ವವಂತೂ ಒಂದು ನಿರ್ದಿಷ್ಟ ನಿರ್ಧಾರಕ್ಕೆ, ಒಂದು ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಯನ್ನು ಅನುಸರಿಸಿಯೇ ನಡೆಯಬೇಕಾದದ್ದು. ನಾಳೆ ಅಪ್ಪನ ಹೊಲದ ಪಾಲಿನ ಮಾತು ಬಂದಾಗ ತಂಗಿಯ ಹೆಬ್ಬೆಟ್ಟಿಗೆ ಬೆಲೆ ಇರಬೇಕಾದರೆ, ಬ್ಯಾಂಕಿನ ಅನುಕೂಲಕ್ಕಾಗಿ ಇಂದು ಅದನ್ನು ಬಿಟ್ಟುಕೊಡಬೇಡಿ.

ಶಾಲೆಯ ವಿಷಯದಲ್ಲಿ ಉಳಿದಿರುವ ತಿಂಗಳುಗಳು ಕಡಿಮೆ. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆಯಿರುವ ಮಗುವಿಗೆ ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯ್ದೆಯ 31ನೇ ಕಲಂ ಕೊಟ್ಟಿದೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣ ಸಮಗ್ರ ಶಿಕ್ಷಣ ಯೋಜನೆಯಡಿ ಇದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ವಿಶೇಷ ಶಿಕ್ಷಕರನ್ನು, ಬಿಐಇಆರ್‌ಟಿ ಎನ್ನುತ್ತಾರೆ, ಈ ತಿಂಗಳೇ ಕಂಡು ಹೆಸರು ಬರೆಸಿ. ಐದನೇ ತರಗತಿಯವರೆಗೆ ಕಲಿತವಳಿಗೆ ಅಕ್ಷರ ಗೊತ್ತು. ಅಕ್ಷರ ಗೊತ್ತಿದ್ದವಳು ರಟ್ಟಿನ ಮೇಲೆ ಅಕ್ಷರ ತೋರಿಸಿ ಇಡೀ ವಾಕ್ಯ ಹೇಳಬಲ್ಲಳು. ಹದಿನೆಂಟರ ನಂತರ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಓದು ಮುಂದುವರಿಸಬಹುದು, ಪರೀಕ್ಷೆಗೆ ಬರೆಯುವವರ ನೆರವು ಮತ್ತು ಗಂಟೆಗೆ ಕನಿಷ್ಠ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಮಕ್ಕಳ ನ್ಯೂನತೆ ಮತ್ತು ಬೆಳವಣಿಗೆಯ ತೊಂದರೆಗಳನ್ನು ನೋಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಉಚಿತ ಚಿಕಿತ್ಸೆಯೂ ಹದಿನೆಂಟರವರೆಗೆ ಮಾತ್ರ. ಪರೀಕ್ಷೆಗೆ ರಾಯಚೂರಿಗೆ ಬರಲೇಬೇಕಾದರೆ ಅದೇ ದಿನ ಆ ಕೇಂದ್ರಕ್ಕೂ ಹೋಗಿ ಬನ್ನಿ.

ಇನ್ನು ಕೆಲವು ಸೌಲಭ್ಯಗಳು. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಗೆ ತಂಗಿ ಅರ್ಹಳು. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗಿನ ಈ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆಯೂ ಫಿಜಿಯೊಥೆರಪಿಯೂ ಸೇರಿವೆ. ಸೆರೆಬ್ರಲ್ ಪಾಲ್ಸಿ ಇರುವವರನ್ನು ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ತಿಂಗಳಿಗೆ 1,000 ರೂಪಾಯಿ ಪ್ರಕಟಿಸಿದೆ, ಅವ್ವನ ಹೆಸರಿನಲ್ಲಿ ಅರ್ಜಿ ಕೊಡಿ. ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದ ಶೇ 5 ವಿಕಲಚೇತನರಿಗೆ ಮೀಸಲು. ವಿಕಲಚೇತನರ ಸಮನ್ವಯ ಗ್ರಾಮಸಭೆಯಲ್ಲಿ, ಕುಳಿತು ಬಳಸುವ ಶೌಚಾಲಯ, ಗೋಡೆಗೆ ಹಿಡಿಕೆ ಮತ್ತು ಹೊಸ್ತಿಲಿಗೆ ಇಳಿಜಾರು ಬೇಕೆಂಬ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು. ಗುತ್ತಿಗೆದಾರರು ನಾಲ್ಕು ಅಡಿಯಲ್ಲಿ ಮುಗಿಸಲು ನೋಡುತ್ತಾರೆ, ಅಂಥದ್ದರ ಮೇಲೆ ಅವ್ವ ಕುರ್ಚಿ ತಳ್ಳಲಾರಳು. ಶಹಾಬಾದ್ ಕಲ್ಲಿನ ನೆಲ ನೀರು ಬಿದ್ದರೆ ಜಾರುತ್ತದೆ, ಶೌಚಾಲಯಕ್ಕೆ ಒರಟು ಕಲ್ಲು ಹಾಕಿಸಿ.

ಯಾವ ಕಚೇರಿಯೂ ಉತ್ತರಿಸದಿದ್ದರೆ ಏನು ಮಾಡಬೇಕು?  ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ನೀವು ಇರುವುದೇ ಅಲ್ಲಿ, ನೇರವಾಗಿ ಹೋಗಿ ದೂರು ಕೊಡಬಹುದು. ವಕೀಲರ ನೆರವು ಬೇಕಾದರೆ, ಆದಾಯ ಎಷ್ಟೇ ಇದ್ದರೂ ವಿಕಲಚೇತನರಿಗೆ ಅದು ಉಚಿತ. ಸಿಂಧನೂರಿನ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ಈ ಯಾವ ಕಡೆಯೂ ಮೊದಲು ಕೇಳುವುದು ಮೊಹರು ಹಾಕಿದ ಆ ಎರಡನೇ ಪ್ರತಿಯನ್ನೇ.

ಕೊನೆಯದಾಗಿ ಗಾಲಿಕುರ್ಚಿ. ಅವಳು ಜಾರುವುದು ಅವಳ ತಪ್ಪಲ್ಲ, ಆ ಕುರ್ಚಿ ಅವಳದಲ್ಲ. ಶಿಬಿರದಲ್ಲಿ ಕೊಡುವ ಸಾಮಾನ್ಯ ಕುರ್ಚಿ ಸ್ವತಃ ಕೂರಬಲ್ಲವರಿಗಾಗಿ ಮಾಡಿದ್ದು. ಅದರ ಬಟ್ಟೆಯ ಆಸನ ಮಧ್ಯದಲ್ಲಿ ಜೋಲುತ್ತದೆ, ಸೊಂಟ ಮುಂದಕ್ಕೆ ಸರಿಯುತ್ತದೆ, ಪಾದಕ್ಕೆ ನೆಲೆ ಸಿಗದೆ ಇಡೀ ದೇಹ ಬಿಗಿದುಕೊಂಡು ಕೆಳಕ್ಕೆ ಜಾರುತ್ತದೆ. ಕುರ್ಚಿ ಬೇಡವೆಂದು ದಿನವಿಡೀ ಮಲಗಿಸಿಬಿಟ್ಟರೆ ಬೆನ್ನುಮೂಳೆ ಬಾಗುತ್ತದೆ, ಮಲಗಿಯೇ ಉಣಿಸಿದರೆ ಅನ್ನದ ಅಗುಳು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅವಳಿಗೆ ಬೇಕಾದದ್ದು ಎದೆಗೆ ಮತ್ತು ತಲೆಗೆ ಆಸರೆಯಿರುವ, ಸೆರೆಬ್ರಲ್ ಪಾಲ್ಸಿ ಇರುವವರಿಗೆಂದೇ ಮಾಡಿದ ಕುರ್ಚಿ. ವಿಕಲಚೇತನರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಇದನ್ನು ಕೇಳಬಹುದು, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಅರ್ಜಿ ಕೊಡಬೇಕು. ಅದು ಬರುವವರೆಗೆ ಈಗಿನ ಕುರ್ಚಿಯಲ್ಲಿಯೇ ಗಟ್ಟಿಯಾದ ಪ್ಲೈವುಡ್ ಹಲಗೆಯನ್ನು ಇಟ್ಟು, ಮೇಲೆ ಫೋಮ್ ಹಾಸಿ, ಹಲಗೆಯ ಮುಂದಿನ ಅಂಚನ್ನು ಎರಡು ಬೆರಳಿನಷ್ಟು ಎತ್ತರಿಸಿ. ಸೊಂಟದ ಎರಡೂ ಪಕ್ಕಕ್ಕೆ ಹಳೆಯ ಕೌದಿಯನ್ನು ಸುತ್ತಿ ಒತ್ತಾಗಿ ಇಡಿ, ಪಾದದಡಿ ಮರದ ಪೆಟ್ಟಿಗೆ ಇಡಿ, ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ತೊಡೆ ಮತ್ತು ಸೊಂಟ ಸೇರುವ ಮಡಿಕೆಯ ಮೇಲೆ ಕಟ್ಟಿ. ಊಟ ಮಾಡಿಸುವಾಗ ತಲೆ ಹಿಂದಕ್ಕೆ ವಾಲದೆ ತುಸು ಮುಂದಕ್ಕೆ ಇರಲಿ.

ಊರಿಗೆ ಹೋದಾಗ ಟೇಪು ಹಿಡಿದು ಐದು ಅಳತೆಗಳನ್ನು ಬರೆದುಕೊಳ್ಳಿ: ಕುಳಿತಾಗ ಸೊಂಟದ ಅಗಲ, ಬೆನ್ನಿನಿಂದ ಮಂಡಿಯ ಹಿಂಬದಿಯವರೆಗಿನ ಉದ್ದ, ಮಂಡಿಯಿಂದ ಹಿಮ್ಮಡಿಯವರೆಗೆ, ಆಸನದಿಂದ ಕಂಕುಳವರೆಗೆ, ಆಸನದಿಂದ ನೆತ್ತಿಯವರೆಗೆ. ಅವುಗಳ ಜೊತೆಗೆ ತೂಕವನ್ನೂ, ಕುಳಿತಾಗ ಅವಳು ಯಾವ ಕಡೆಗೆ ವಾಲುತ್ತಾಳೆ ಎಂಬುದನ್ನೂ ಬರೆದು ಕಳುಹಿಸಿದರೆ, ಅರ್ಜಿಗೆ ಲಗತ್ತಿಸಬೇಕಾದ ಕುರ್ಚಿಯ ವಿವರವನ್ನು ನಾನೇ ಸಿದ್ಧಪಡಿಸಿ ಕಳುಹಿಸುತ್ತೇನೆ.